ಕುಲ್ಫಿ ಕಲ್ಲಾಗಬಾರ್ದಂದ್ರ ಹಾಲು ಸರಿ ಕುದಿಸ್ರಿ

ಮನ್ಯಾಗ ಮಾಡಿದ ಕುಲ್ಫಿ ಕಲ್ಲಾಗತೈತಿ, ಬಾಯಾಗ ಬರ್ಫ ಕಡದಂಗ ಕರಕರ ಅಂತೈತಿ ಅಂತ ನಮ್ಮ ಓಣಿ ಹುಡುಗ್ಯಾರು ಬ್ಯಾಸಗಿ ಬಂದ್ರ ಸಾಕು ಕೇಳಾಕ ಬರ್ತಾರ. ಫ್ರಿಜ್ಜಿಗೆ ಯಾಕ ಬೈತೀರವಾ, ಹಾಲು ಸರಿ ಕುದಿಸಿರಂಗಿಲ್ಲ ನೀವು. ಹಾಲಿನ್ಯಾಗ ನೀರು ಎಷ್ಟು ಉಳಿತೈತೋ ಅಷ್ಟು ಬರ್ಫದ ಹರಳು ಆಗತಾವ, ಇಷ್ಟ ಲೆಕ್ಕ.

ಎಮ್ಮಿ ಹಾಲು ಸಿಕ್ರ ಭಾಳ ಚಲೋ, ಇಲ್ಲಾಂದ್ರ ಪಾಕೀಟಿನ ಗಟ್ಟಿ ಹಾಲು ತರ್ರಿ. ಒಂದು ಲೀಟರ್ ಹಾಲು ದಪ್ಪ ತಳದ ಅಗಲ ಬೋಗಾಣ್ಯಾಗ ಇಟ್ಟು, ಉಕ್ಕು ಬಂದಮ್ಯಾಲ ಉರಿ ಸಣ್ಣ ಮಾಡಿ, ಬದಿಗೆ ಅಂಟಿದ ಕೆನಿ ಸೌಟಿಲೆ ಕೆರದು ಕೆರದು ಒಳಗ ಹಾಕ್ಕೋತ ಅರ್ಧಕ್ಕಿಂತ ಕಡಿಮಿ ಆಗೋತನಕ ಕುದಿಸ್ರಿ, ಮೊಬೈಲ್ ನೋಡ್ಕೋತ ನಿಂತ್ರ ತಳ ಹತ್ತತೈತಿ, ಆ ಸೀದ ವಾಸ್ನಿ ಎಷ್ಟು ಯಾಲಕ್ಕಿ ಹಾಕಿದ್ರೂ ಹೋಗಂಗಿಲ್ಲ. ಸೌಟಿನ ಹಿಂದ ಬೆರಳಿಲೆ ಗೆರಿ ಎಳದ್ರ ಗೆರಿ ಹಂಗ ನಿಲ್ಲಬೇಕು, ಆಗ 80 ಗ್ರಾಂ ಸಕ್ರಿ ಹಾಕ್ರಿ. ಥಂಡಿ ಆದ್ರ ನಾಲಿಗಿಗೆ ಸಿಹಿ ಕಡಿಮಿ ಅನಸತೈತಿ, ಅದಕ್ಕ ಬಿಸಿ ಇದ್ದಾಗ ಒಂದೀಟು ಹೆಚ್ಚ ಇರ್ಲಿ. ಹಂಗಂತ ಸುರುವಬ್ಯಾಡ್ರಿ ಮತ್ತ, ಸಕ್ರಿ ಭಾಳ ಆದ್ರ ಗಟ್ಟಿನ ಆಗಂಗಿಲ್ಲ, ಕಡಿಮಿ ಆದ್ರ ಕಲ್ಲು.

ನಾ ಏನ್ ಮಾಡ್ತೀನಂದ್ರ ಸಕ್ರಿ ಅರ್ಧಾ ಹಾಕಿ ನಾಲ್ಕೈದು ಧಾರವಾಡ ಪೇಡೆ ಪುಡಿ ಮಾಡಿ ಹಾಕಿಬಿಡ್ತೀನಿ. ಪೇಡೆ ಅಂದ್ರ ಹುರದ ಖವಾನ ಅಲ್ರಿ, ಹಾಲೂ ಗಟ್ಟಿ ಬರತೈತಿ, ಬಣ್ಣಾನೂ ಬರತೈತಿ. ಬೀಗರು ತಂದಿದ್ದು ಡಬ್ಯಾಗ ಒಣಗಿ ಕುಂತಿರ್ತಾವಲ್ಲ, ಅವು ಇದಕ್ಕ ಪಾಡ.

ಮಾವಿನಹಣ್ಣಿಂದು ಮಾಡೋದಾದ್ರ ಧಾರವಾಡದ ಹತ್ರದ ಕೆಲಗೇರಿ ಕಡೆ ಆಪೂಸ್ ಬರೋತನಕ ತಡಿರಿ, ನಾರು ಇರಂಗಿಲ್ಲ ಅದರಾಗ. ಹಾಲು ಪೂರ್ತಿ ಆರಿದಮ್ಯಾಲನ ರಸ ಬೆರಸ್ರಿ, ಬಿಸಿ ಹಾಲಿಗೆ ಹಾಕಿದ್ರ ಒಡದು ಹೋಗತೈತಿ, ಹಣ್ಣು ಹುಳಿ ಇದ್ರಂತೂ ಕೇಳಬ್ಯಾಡ್ರಿ.

ಅಚ್ಚು ಬೇಕಂತೇನಿಲ್ಲ, ಸ್ಟೀಲ್ ಗ್ಲಾಸು ಸಾಕು. ಬಾಯಿಗೆ ಫಾಯಿಲ್ ಬಿಗದು ನಡುವ ಸೀಳಿ ಕಡ್ಡಿ ಚುಚ್ಚಿದ್ರ ಕಡ್ಡಿ ನೆಟ್ಟಗ ನಿಲ್ಲತೈತಿ, ಉಳ್ಳಾಗಡ್ಡಿ ವಾಸ್ನಿನೂ ಒಳಗ ಹೋಗಂಗಿಲ್ಲ. ಎಂಟು ತಾಸು ಇಡ್ರಿ. ತಗಿಯೋಮುಂದ ಗ್ಲಾಸು ನೀರಾಗ ಹತ್ತು ಎಣಸೋತನಕ ಹಿಡದ್ರ ಜಾರಿ ಬರತೈತಿ, ಚಾಕು ಹಾಕಿ ಎಬ್ಬಸಾಕ ಹೋಗಬ್ಯಾಡ್ರಿ.

ಫ್ರಿಜ್ಜರ್ ಇಲ್ಲದೋರು ಬಕೀಟನ್ಯಾಗ ಮೂರು ಪಾಲು ಬರ್ಫಕ್ಕ ಒಂದು ಪಾಲು ಹರಳುಪ್ಪು ಹಾಕಿ, ಮುಚ್ಚಳ ಬಿಗಿ ಇರೋ ಡಬ್ಬಿ ಅದರಾಗ ಹೂತು ಅಲ್ಲಾಡಸ್ಕೋತ ಇರ್ರಿ. ಉಪ್ಪು ಬಿದ್ದ ಬರ್ಫ ಕರಗೋಮುಂದ ಸೊನ್ನಿಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗ ಹೋಗತೈತಿ, ಗಾಡಿ ಮ್ಯಾಲಿನ ಮಟಕಾ ಕುಲ್ಫಿನೂ ಹಿಂಗ ಆಗೋದು. ಅಂಗಡಿ ಬರ್ಫ ಹೊರಗಿನ ಕೆಲಸಕ್ಕಷ್ಟ, ಬಾಯಿಗೆ ಹಾಕೋದಲ್ಲ.

ಹುಡುಗ್ರು ದಿನಾ ಹಟ ಮಾಡಿದ್ರ ಲಿಂಬಿಹಣ್ಣಿನ ಕ್ಯಾಂಡಿ ಹಾಕಿ ಕೊಡ್ರಿ, ಒಂದು ಲೀಟರ್ ಕಾಯ್ಸಿ ಆರ್ಸಿದ ನೀರು, 200 ಗ್ರಾಂ ಸಕ್ರಿ, ನಾಲ್ಕು ಲಿಂಬಿಹಣ್ಣು, ಚಿಟಿಕಿ ಉಪ್ಪು. ನೀರು ಕಾಯ್ಸೋದು ಮಾತ್ರ ಬಿಡಬ್ಯಾಡ್ರಿ, ಫ್ರಿಜ್ಜರಿನ ಥಂಡಿಗೆ ರೋಗದ ಕ್ರಿಮಿ ಸಾಯಂಗಿಲ್ಲ.

ಕರೆಂಟ್ ಹೋದ್ರ ಫ್ರಿಜ್ಜಿನ ಬಾಗಲಾ ತಗದು ತಗದು ನೋಡಬ್ಯಾಡ್ರಿ. ಕುಲ್ಫಿ ಕರಗಿತಂದ್ರ ತಿರಗಿ ಗಟ್ಟಿ ಮಾಡಾಕ ಇಡಬ್ಯಾಡ್ರಿ, ಹರಳು ಹರಳ ಆಗತೈತಿ, ಥಂಡಿ ಇದ್ದಾಗನ ಬಾಳಿಹಣ್ಣು ಹೆಚ್ಚಿ ಹಾಕಿ ಎಲ್ಲಾರಿಗೂ ಒಂದೊಂದು ವಾಟಿ ಕೊಟ್ಟುಬಿಡ್ರಿ.