ಎರಡನೇ ಸಲ ನೀಟ್: ಪುಸ್ತಕಕ್ಕಿಂತ ಮೊದಲು ಹಳೇ ಓಎಂಆರ್ ತೆಗೆಯಿರಿ

ವೈದ್ಯಕೀಯ ಪ್ರವೇಶಕ್ಕೆ ಬರೆಯುವ 2024ರ ನೀಟ್‌ನಲ್ಲಿ ನನಗೆ 560 ಬಂತು, ಸೀಟು ಸಿಗಲಿಲ್ಲ. 2025ರಲ್ಲಿ 521 ಬಂತು, ಸೀಟು ಸಿಕ್ಕಿತು. ಶಿರಸಿ ಪೇಟೆಯಲ್ಲಿ ಸಿಕ್ಕವರಿಗೆ ಇದನ್ನು ಹೇಳಿದರೆ, ಎಲ್ಲೋ ದುಡ್ಡು ಕೊಟ್ಟಿರಬೇಕು ಅನ್ನೋ ಥರ ನೋಡುತ್ತಾರೆ. ವಿಷಯ ಇಷ್ಟೇ: 2024ರಲ್ಲಿ ಮೊದಲು ಬಂದ ಪಟ್ಟಿಯಲ್ಲಿ 720ಕ್ಕೆ 720 ತೆಗೆದವರೇ 67 ಜನ ಇದ್ದರು. 2025ರ ಫಿಸಿಕ್ಸ್ ಎಲ್ಲರನ್ನೂ ಹಿಂಡಿ ಹಾಕಿತು, ದೇಶಕ್ಕೇ ಮೊದಲು ಬಂದವರಿಗೆ 686. ಹಾಗಾಗಿ "ಹೋದ ವರ್ಷ ಇಷ್ಟು ಮಾರ್ಕ್ಸಿಗೆ ಸೀಟು ಬಂದಿತ್ತಂತೆ" ಅನ್ನೋ ಮಾತನ್ನು ಬಿಟ್ಟುಬಿಡಿ. ರ‍್ಯಾಂಕ್ ನೋಡಿ. ಕ್ವಾಲಿಫೈ ಆಗಿದೆ ಅಂತ ಖುಷಿಪಡೋದೂ ಸುಮ್ನೆ. 2025ರಲ್ಲಿ ಸಾಮಾನ್ಯ ವರ್ಗಕ್ಕೆ 144 ಬಂದರೂ ಕ್ವಾಲಿಫೈ ಆಗುತ್ತಿತ್ತು, ಅದಕ್ಕೆ ಸರ್ಕಾರಿ ಎಂಬಿಬಿಎಸ್ ಸೀಟು ಯಾರೂ ಕೊಡುವುದಿಲ್ಲ.

ಆಸ್ಪತ್ರೆಯಲ್ಲಿ ಸೇವೆ ಮಾಡಿದರೆ, ಎನ್‌ಎಸ್‌ಎಸ್ ಸರ್ಟಿಫಿಕೇಟ್ ಇದ್ದರೆ ಅನುಕೂಲ ಆಗುತ್ತದಾ ಅಂತ ಕೆಲವರು ಕೇಳುತ್ತಾರೆ. ಹೊರದೇಶದಲ್ಲಿ ಅದನ್ನೆಲ್ಲ ನೋಡುತ್ತಾರಂತೆ. ಇಲ್ಲಿ ರ‍್ಯಾಂಕು, ಕಾಗದಪತ್ರ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ಹಾಕೋದು). ಈ ಮೂರೇ.

ಫಲಿತಾಂಶದ ಹೊತ್ತಿಗೆ ಪರೀಕ್ಷೆ ನಡೆಸುವ ಎನ್‌ಟಿಎ ನಿಮ್ಮ ಓಎಂಆರ್ (ವೃತ್ತ ತುಂಬಿದ ಉತ್ತರಪತ್ರಿಕೆ) ಪ್ರತಿ ಮತ್ತು ಕೀ ಉತ್ತರ ಎರಡನ್ನೂ ಹಾಕುತ್ತದೆ. ಲಿಂಕ್ ಮುಚ್ಚುವುದರೊಳಗೆ ಇಳಿಸಿಕೊಳ್ಳಿ. ನಾನು ಜುಲೈನಲ್ಲಿ, ಹೊರಗೆ ಧೋ ಅಂತ ಮಳೆ ಸುರಿಯುವಾಗ, ಜಗಲಿ ಮೇಲೆ ಕೂತು ಕೆಂಪು ಪೆನ್ನು ಹಿಡಿದು ಒಂದೊಂದೇ ಗುರುತು ಹಾಕಿದೆ. 180ರಲ್ಲಿ 148 ಸರಿ, 32 ತಪ್ಪು. ಆ 32ರಲ್ಲಿ ನಿಜವಾಗಿ ಓದದೇ ಇದ್ದದ್ದು 8. ಕಣ್ಮುಚ್ಚಿ ತುಂಬಿದ್ದು 11. ಉಳಿದ 13 ನನಗೆ ಗೊತ್ತಿದ್ದವು! "ತಪ್ಪಾದ ಹೇಳಿಕೆ ಯಾವುದು" ಅಂತ ಕೇಳಿದ್ದಕ್ಕೆ ಸರಿಯಾದ ಹೇಳಿಕೆಗೆ ಗುರುತು ಹಾಕಿದ್ದೆ. ಒಂದು ಕಡೆ ಸೆಂಟಿಮೀಟರನ್ನು ಮೀಟರಿಗೆ ಬದಲಿಸುವುದನ್ನೇ ಮರೆತಿದ್ದೆ.

ಊಹೆ ಮಾಡಬೇಡಿ ಅಂತ ಎಲ್ಲರೂ ಹೆದರಿಸುತ್ತಾರೆ, ಅಲ್ವಾ? ಲೆಕ್ಕ ಹಾಕಿ ನೋಡಿ. ನಾಲ್ಕು ಊಹೆಯಲ್ಲಿ ಸರಾಸರಿ ಒಂದು ಸರಿ ಹೋದರೆ ನಾಲ್ಕು ಅಂಕ ಬಂತು, ಮೂರು ತಪ್ಪಿಗೆ ಒಂದೊಂದರಂತೆ ಮೂರು ಹೋಯಿತು. ದೊಡ್ಡ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಗೊತ್ತಿದ್ದೂ ತಪ್ಪಿದ ಪ್ರಶ್ನೆಗೆ ಬರಬೇಕಾದ ನಾಲ್ಕು ಹೋಗಿ, ಮೇಲೆ ಒಂದು ದಂಡ. ನನ್ನ 13 ಪ್ರಶ್ನೆಗೆ 65 ಅಂಕ ಹಾಗೇ ಸೋರಿತ್ತು. ಹೊಸ ಪಾಠ ಓದಿ 65 ಅಂಕ ಗಳಿಸೋದು ಎಷ್ಟು ಕಷ್ಟ ಅಂತ ಓದಿದವರಿಗೆ ಗೊತ್ತು.

ಅದಕ್ಕೆ ಮದ್ದು ಅಭ್ಯಾಸ ಪರೀಕ್ಷೆ, ಅದೂ ಮಧ್ಯಾಹ್ನ. ನಿಜವಾದ ಪರೀಕ್ಷೆ ನಡೆದದ್ದು 2ರಿಂದ 5ರವರೆಗೆ. ನಾವೆಲ್ಲ ಬೆಳಗ್ಗೆ ಐದಕ್ಕೆದ್ದು ಓದಿ, ಆಯಿ ಬಡಿಸಿದ ಅನ್ನ ತಂಬಳಿ ಹೊಡೆದು, ಎರಡಕ್ಕೆ ಸರಿಯಾಗಿ ತೂಕಡಿಸುವವರು. ಆರು ತಿಂಗಳು ಪ್ರತಿ ಭಾನುವಾರ ಅದೇ ಹೊತ್ತಿಗೆ ಕೂತೆ. ಮೊಬೈಲಲ್ಲ, ಕಾಗದದ ಓಎಂಆರ್, ಕಪ್ಪು ಬಾಲ್ ಪೆನ್ನು. 2025ರಲ್ಲಿ 180 ಪ್ರಶ್ನೆಗೆ 180 ನಿಮಿಷ, ವೃತ್ತ ತುಂಬುವ ಸಮಯವೂ ಅದರೊಳಗೇ ಇತ್ತು. ಪ್ರಶ್ನೆಯಲ್ಲಿ "ಅಲ್ಲ", "ತಪ್ಪು" ಅಂತ ಬಂದಲ್ಲೆಲ್ಲ ಕೆಳಗೆ ಗೆರೆ ಎಳೆಯುವ ಚಟ ಹತ್ತಿಸಿಕೊಂಡೆ.

ಬಯಾಲಜಿಗೆ 360 ಅಂಕ, ಎನ್‌ಸಿಇಆರ್‌ಟಿ ಸಾಲು ಸಾಲು ಓದಿ. ಅಕ್ಕನ ಹಳೇ ಪುಸ್ತಕ ಇಟ್ಟುಕೊಂಡಿದ್ದರೆ ಸಿಲಬಸ್ ಜೊತೆ ಹೋಲಿಸಿ, ಯಾಕೆಂದರೆ ಡೈಜೆಶನ್, ಮಿನರಲ್ ನ್ಯೂಟ್ರಿಶನ್, ಕೆಮಿಸ್ಟ್ರಿಯ ಸಾಲಿಡ್ ಸ್ಟೇಟ್ ಎಲ್ಲ 2024ರಲ್ಲೇ ಹೊರಗೆ ಹೋದವು. ಲಾಂಗ್ ಟರ್ಮ್‌ಗೆ (ಇನ್ನೊಂದು ವರ್ಷದ ಕೋಚಿಂಗ್‌ಗೆ) ಹಾಸ್ಟೆಲ್ ಸೇರಬೇಕಾ ಮನೆಯಲ್ಲೇ ಓದಬೇಕಾ ಅನ್ನೋದು ನಿಮ್ಮ ಮನೆ ಮೇಲೆ ಹೋಗುತ್ತದೆ. ತೋಟ ಇದ್ದವರಿಗೆ ಒಂದೇ ಮಾತು: ಅಡಿಕೆ ಕೊನೆಕೊಯ್ಲು ಶುರುವಾಗುವ ಮೊದಲೇ ಮನೆಯವರ ಹತ್ತಿರ ಕೂತು ಮಾತಾಡಿ. ಅಡಿಕೆ ಸುಲಿಯುವವರು ಬರಲಿಲ್ಲ ಅಂದರೆ ಮೊದಲು ಕರೆಯೋದು ಮನೆಯಲ್ಲಿ ಖಾಲಿ ಕೂತ ಹಾಗೆ ಕಾಣುವವರನ್ನೇ.

ಇನ್ನು ಕಾಗದಪತ್ರ. ನನಗೆ ಮೊದಲ ವರ್ಷ ಪೆಟ್ಟು ಬಿದ್ದದ್ದು ಇಲ್ಲೂ ಹೌದು. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಇದೆ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಆದಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. ನಾನು ನಾಲ್ಕನೇ ತರಗತಿವರೆಗೆ ಓದಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ದಾಖಲೆ ಪುಸ್ತಕ ಪಕ್ಕದೂರಿನ ಶಾಲೆಯ ಬೀರುವಿನಲ್ಲಿದೆ ಅಂತ ಗೊತ್ತಾಗುವ ಹೊತ್ತಿಗೆ ಕೆಇಎ (ರಾಜ್ಯದ ಸೀಟು ಹಂಚುವ ಪ್ರಾಧಿಕಾರ) ಪರಿಶೀಲನೆ ಮುಗಿದಿತ್ತು. ಆ ರ‍್ಯಾಂಕಿಗೆ ಅದಿದ್ದರೂ ಸೀಟು ಬರುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಎರಡನೇ ವರ್ಷ ಆಗಸ್ಟಿನಲ್ಲೇ ಎಲ್ಲ ಮುಗಿಸಿದೆ. ಜಾತಿ ಆದಾಯ ಪ್ರಮಾಣಪತ್ರ ಬೇಕಾದವರು ನಾಡಕಚೇರಿಗೆ ಈಗಲೇ ಹೋಗಿ, ಅದರಲ್ಲಿನ ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇದೆಯಾ ಅಂತ ಕೌಂಟರಿನ ಮುಂದೇ ನಿಂತು ನೋಡಿ. ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟಿಗೆ ಲೆಕ್ಕಕ್ಕೆ ಬರುವುದಿಲ್ಲ, ಕೆಇಎಗೆ ಬೇರೆ ನೋಂದಣಿ ಆಗಬೇಕು.

ಆಪ್ಷನ್ ಎಂಟ್ರಿಯಲ್ಲಿ ನಮ್ಮ ಕಡೆಯವರ ಒಂದು ತಪ್ಪು, ಮನೆ ಹತ್ತಿರದ್ದಷ್ಟೇ ಹಾಕೋದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಅಂದರೆ ಕಾರವಾರದ ಕ್ರಿಮ್ಸ್ ಒಂದೇ, 150 ಸೀಟು, ಅದರಲ್ಲೂ ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ. ಹುಬ್ಬಳ್ಳಿ, ಹಾವೇರಿ, ಅದರಾಚೆಯವನ್ನೂ ಹಾಕಿ. ಸಿಗಬಹುದಾದ ಕ್ರಮದಲ್ಲಿ ಅಲ್ಲ, ನಿಮಗೆ ಬೇಕಾದ ಕ್ರಮದಲ್ಲಿ. ಕೆಇಎ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು ನಿಮ್ಮ ರ‍್ಯಾಂಕಿಗೆ ಎಟುಕಿದ ಮೊದಲನೆಯದನ್ನು ಕೊಡುತ್ತದೆ, ಆಸೆಯ ಕಾಲೇಜನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ತಪ್ಪಿಹೋಗುವುದಿಲ್ಲ.

ಮತ್ತೆ, ಮೂಲ ಅಂಕಪಟ್ಟಿಗಳನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಡಬೇಡಿ. ನಮ್ಮ ಮಳೆಗಾಲ ಗೊತ್ತಲ್ಲ, ನನ್ನ ಹತ್ತನೇ ತರಗತಿ ಅಂಕಪಟ್ಟಿಗೆ ಬೂಷ್ಟು ಹಿಡಿದು ಮೂಲೆಯೆಲ್ಲ ಹಸಿರಾಗಿತ್ತು. ಈಗ ಪ್ಲಾಸ್ಟಿಕ್ ಕವರಿನಲ್ಲಿ, ಅಡುಗೆಮನೆ ಒಲೆ ಪಕ್ಕದ ಗೂಡಿನಲ್ಲಿದೆ.