ಕತ್ತು ನೋವಿಗೆ ಕಾಲಡಿ ಪೆಟ್ಟಿಗೆ: ನನ್ನ ಅನುಭವ

ಟ್ಯಾಬ್ ಹಿಡಿದ ಮಕ್ಕಳ ಕತ್ತು ನೆಟ್ಟಗಾಗಬೇಕಾದರೆ ಪಾದದಿಂದ ಶುರು ಮಾಡಿ ಅಂದಾಗ ಮಂಡ್ಯದ ನಮ್ಮ ಬಡಗಿ ಬಳಗ ನಕ್ಕಿತ್ತು. ಕತ್ತು ನೋವಿಗೆ ಕಾಲುಮಣೆ ಮಾರ್ತಾನಂತೆ ಅಂತ. ಇಲ್ಲಿಗೆ ನನ್ನ ಕಾಲಡಿ ಪೆಟ್ಟಿಗೆ ಹೋದ ಮನೆ ಅರವತ್ತು ದಾಟಿರಬೇಕು. ನಕ್ಕವರಲ್ಲಿ ಇಬ್ಬರು ಅಳತೆ ಬರೆದುಕೊಂಡು ಹೋಗಿದ್ದಾರೆ.

ಮೊದಲು ದುಡ್ಡು ಕಳೆದದ್ದು. ಬೆನ್ನಿಗೆ ಕಟ್ಟುವ ಬೆಲ್ಟು, ಸುಮಾರು 650: ಕಂಕುಳು ಕೆಂಪಾಯಿತು, ಬಿಚ್ಚಿದ ತಕ್ಷಣ ಬೆನ್ನು ಮತ್ತೆ ಗೂನು. ಮಂಚಕ್ಕೆ ಕಚ್ಚಿಸುವ ಬಗ್ಗುವ ಸ್ಟ್ಯಾಂಡು, 900: ಬೆರಳು ತಾಗಿದರೆ ಟ್ಯಾಬ್ ತೂಗಾಡುತ್ತೆ. ಚಕ್ರದ ಕುರ್ಚಿ, ಎಂಟೂವರೆ ಸಾವಿರ: ಎಷ್ಟು ಇಳಿಸಿದರೂ 42 ಸೆಂ.ಮೀ.ಗಿಂತ ಕೆಳಗೆ ಬರಲ್ಲ, ಮಗು ಅದರಲ್ಲಿ ಗಿರಗಿರನೆ ಸುತ್ತೋದೇ ಹೆಚ್ಚು.

ಊಟದ ಮೇಜು 75 ಸೆಂ.ಮೀ., ಕುರ್ಚಿ 45. ಎಂಟು ವರ್ಷದ ಮಗು ಕೂತರೆ ಮೊಣಕೈ ಸೀಟಿನಿಂದ 18ರ ಆಸುಪಾಸು. ಮೇಜು ಮೊಣಕೈಗಿಂತ 12 ಮೇಲಾಯಿತು, ಹೆಗಲು ಕಿವಿಯ ಹತ್ತಿರ ಏರುತ್ತೆ. ಜೊತೆಗೆ ಕಾಲು ನೇತಾಡುತ್ತೆ. ಕಾಲಿಗೆ ಆಸರೆ ಇಲ್ಲದ ಮಗು ಮುಂದಕ್ಕೆ ಜಾರಿ, ಸೊಂಟ ಹಿಂದಕ್ಕೆ ಮಡಿದು, ಬೆನ್ನು ಕಮಾನಾಗಿ, ಗದ್ದ ಮುಂದೆ ಬರುತ್ತೆ. ಆಮೇಲೆ "ನೆಟ್ಟಗೆ ಕೂತ್ಕೋ ಮಗಾ" ಅಂತ ಅಜ್ಜಿ ನೂರು ಸಲ ಕೂಗಿದರೂ ಅರ್ಧ ನಿಮಿಷದ ಮಾತು.

ಸೀಟು 10 ಸೆಂ.ಮೀ. ಏರಿಸಿ 55 ಮಾಡಿ. ಸ್ಪಂಜು ಬೇಡ, ಕೂತಾಗ ಅರ್ಧ ಕುಸಿದು ಲೆಕ್ಕ ಕೆಡಿಸುತ್ತೆ. ಜಮಖಾನ ಒತ್ತಾಗಿ ಮಡಿಸಿ ಲಾಡಿಯಿಂದ ಕುರ್ಚಿಗೆ ಬಿಗಿದು ಕಟ್ಟಿ. ನೆಲದಿಂದ ಮಂಡಿಯ ಹಿಂದಿನ ಸಂದಿಗೆ ಬರಿಗಾಲಲ್ಲಿ ಟೇಪು ಹಿಡಿದರೆ 33 ಬಂತು ಅನ್ನಿ, 55ರಲ್ಲಿ ಅದನ್ನು ಕಳೆದರೆ 22. ಅದೇ ಕಾಲಡಿ ಇಡೋ ಪೆಟ್ಟಿಗೆಯ ಎತ್ತರ. ಬೆನ್ನ ಹಿಂದೆ ಗಟ್ಟಿ ದಿಂಬು ಕೊಟ್ಟು, ಸೀಟಿನ ಅಂಚಿಗೂ ಮಂಡಿ ಸಂದಿಗೂ ಎರಡು ಬೆರಳು ಬಿಡಿ.

ಪೆಟ್ಟಿಗೆ 40 ಅಗಲ, 30 ಆಳ, 12 ಎಂಎಂ ಪ್ಲೈ. ಮೊದಲು ಪೆಟ್ಟಿಗೆಯ ಕಾಲು ಒಳಕ್ಕೆ ಕೊಟ್ಟು ಚೆಂದಕ್ಕೆ ಮಾಡಿದ್ದವು ಮಗು ಅಂಚಿನ ಮೇಲೆ ಹತ್ತಿದ ಕೂಡಲೇ ಮಗುಚಿದವು. ಪಕ್ಕದ ಹಲಗೆ ನೇರ ನೆಲಕ್ಕೇ ಇಳಿಯಲಿ. ಈ 22ರಲ್ಲಿ ತಳದ ಮೂರು ಪದರ ಪ್ಲೈ ಬರೀ ಸ್ಕ್ರೂನಲ್ಲಿ ಬಿಗಿದಿರಲಿ. ಮಗು ಬೆಳೆದ ಹಾಗೆ ಒಂದೊಂದೇ ಬಿಚ್ಚಿ. ರೆಡ್ ಆಕ್ಸೈಡ್ ನೆಲದಲ್ಲಿ ಪೆಟ್ಟಿಗೆ ಜಾರುತ್ತೆ. ಸೈಕಲ್ ಟ್ಯೂಬ್ ಅಂಟಿಸಿದರೆ ನಿಲ್ಲುತ್ತೆ, ಆದರೆ ಬಿಳಿ ಟೈಲ್ಸ್ ಮೇಲೆ ಕರಿ ಕಲೆ. ಕಲೆ ಬೀಳದ ಹಾಗೆ ಏನು ಹಚ್ಚುತ್ತೀನಿ ಅನ್ನೋದು ಹೊಟ್ಟೆಪಾಡಿನ ಗುಟ್ಟು, ಬಿಡಿ. ನನಗೆ ಒಟ್ಟು ಸಾಮಾನು 400ರೊಳಗೆ ಮುಗಿದಿತ್ತು, ಕೂಲಿ ಬೇರೆ.

ಟ್ಯಾಬ್ ಅಡ್ಡ ಇಟ್ಟು ಅಡಿಗೆ 15 ಸೆಂ.ಮೀ. ಎತ್ತರ ಕೊಟ್ಟರೆ ಮೇಲಂಚು ಕಣ್ಣಿಗಿಂತ ಚೂರು ಕೆಳಗೆ ಕೂರುತ್ತೆ. ಬರೆಯೋದಕ್ಕೆ ಈ ಎತ್ತರ ಆಗಲ್ಲ, ಅದಕ್ಕೆ ಇಳಿಜಾರು ಹಲಗೆ ಬೇರೆಯೇ. ನೆಲದಲ್ಲಿ ಕೂರುವ ಮನೆಗೆ ವ್ಯಾಸಪೀಠದ ಮೇಲೂ ಇಟ್ಟು ನೋಡಿದೆ. ತೀರಾ ತಗ್ಗು, ಕತ್ತು ಬಾಗೇ ಬಾಗುತ್ತೆ. ಕುಂಡಿಯಡಿ ಒಂದು ಮಣೆ, ವ್ಯಾಸಪೀಠದಡಿ ಒಂದು ಪೆಟ್ಟಿಗೆ ಕೊಟ್ಟ ಮೇಲೆ ಪರವಾಗಿಲ್ಲ ಅನ್ನಿಸಿತು.

ಇಷ್ಟಾದರೂ ಒಂದು ಮನೆಯಲ್ಲಿ ಹುಡುಗಿಯ ತಲೆ ಎಡಕ್ಕೇ ವಾಲುತ್ತಿತ್ತು. ಹಿಂದಿನ ಗೋಡೆಯ ಟ್ಯೂಬ್‌ಲೈಟ್ ಪರದೆಯಲ್ಲಿ ಹೊಳೀತಿತ್ತು, ಅದನ್ನು ತಪ್ಪಿಸೋಕೆ ವಾಲುತ್ತಿದ್ದಳು. ಮೇಜು ತಿರುಗಿಸಿದ್ದಕ್ಕೆ ಸರಿಹೋಯಿತು, ಅದಕ್ಕೆ ದುಡ್ಡು ಕೇಳೋಕಾಗಲಿಲ್ಲ. ಕೈ ಜೋಮು ಹಿಡಿಯೋದು, ನೋವಿಗೆ ರಾತ್ರಿ ಎಚ್ಚರ ಆಗೋದು ಇದ್ದರೆ ಮಾತ್ರ ನಾನು ಟೇಪು ತೆಗೆಯಲ್ಲ, ಡಾಕ್ಟರ ಹತ್ತಿರ ಕಳಿಸ್ತೀನಿ.

ಇನ್ನು ಚಾರ್ಜರು. ಪ್ಲಗ್ ಮಂಚದ ಪಕ್ಕ, ವೈರು ಒಂದು ಮೀಟರು. ಬ್ಯಾಟರಿ ಇಳಿದರೆ ಮಗು ಅಲ್ಲೇ ಬೋರಲು. ಎಕ್ಸ್‌ಟೆನ್ಷನ್ ಪೆಟ್ಟಿಗೆ ಮೇಜಿನಡಿ ಸ್ಕ್ರೂ ಹಾಕಿ, ಮಂಚದ ಪಕ್ಕದ ಪ್ಲಗ್ಗಿಗೆ ಮುಚ್ಚಳ ಬಡಿಯಿರಿ. ಮೇಜಿನ ಮೇಲೆ ನೀರಿನ ಬಾಟಲಿ ಇಡಬೇಡಿ, ಕಾಫಿ ಲೋಟದಷ್ಟು ನೀರಿಡಿ. ಮುಗಿದಾಗಲೆಲ್ಲ ಮಗು ಎದ್ದು ಅಡುಗೆಮನೆಗೆ ಹೋಗಿ ತುಂಬಿಸಿಕೊಳ್ಳಲೇಬೇಕು.