ಬೋರ್ಡಿನ ಮೇಲೆ ‘ಅಕ್ಯುಪಂಕ್ಚರ್’ ಅಂತಲೇ ಬರೆಸಿದೆ: ಕೆಪಿಎಂಇ ನೋಂದಣಿಯ ನನ್ನ ಅನುಭವ

“ಅರ್ಜಿಯಲ್ಲಿ ಅಕ್ಯುಪಂಕ್ಚರ್ ಅನ್ನೋ ಶಬ್ದವನ್ನೇ ಬರೀಬೇಡ. ನ್ಯಾಚುರೋಪತಿ ಅಂತ ಹಾಕು, ಒಳಗೆ ಏನಾದ್ರೂ ಮಾಡ್ಕೋ.”

ಸೂಜಿ ಚುಚ್ಚಿ ಚಿಕಿತ್ಸೆ ಕೊಡೋ ಅಕ್ಯುಪಂಕ್ಚರ್ ಕ್ಲಿನಿಕ್ ತೆರೆಯೋಕೆ ಕೆಪಿಎಂಇ ನೋಂದಣಿ, ಅಂದರೆ ಖಾಸಗಿ ಕ್ಲಿನಿಕ್ಕುಗಳಿಗೆ ಬೇಕಾದ ಸರ್ಕಾರಿ ನೋಂದಣಿ, ಮಾಡಿಸ್ತೀನಿ ಅಂದಾಗ ನಮ್ಮ ಬಿಎನ್‌ವೈಎಸ್ (ನ್ಯಾಚುರೋಪತಿ, ಅಂದರೆ ಪ್ರಕೃತಿ ಚಿಕಿತ್ಸೆ, ಮತ್ತು ಯೋಗದ ಡಿಗ್ರಿ) ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ನನಗೆ ಸಿಕ್ಕ ಸಲಹೆ ಇದು. ಒಬ್ಬರಲ್ಲ, ಏಳೆಂಟು ಜನ ಹೇಳಿದರು. ಒಬ್ಬ ಗೆಳೆಯನಂತೂ ನನ್ನ ಅರ್ಜಿ ಪಾಸಾದರೆ ಗೋಲಗುಮ್ಮಟದ ಮುಂದೆ ನಿಂತು ಕಿವಿ ಹಿಡಿದು ಬಸ್ಕಿ ಹೊಡೀತೀನಿ ಅಂದಿದ್ದ. ಅವನ ಬಸ್ಕಿ ಇನ್ನೂ ಬಾಕಿ ಇದೆ. ಎರಡು ವರ್ಷ ಹಿಡಿಯಿತು, ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ ಹೋಯಿತು. ಆದರೆ ಅರ್ಜಿಯಲ್ಲಿ, ದರಪಟ್ಟಿಯಲ್ಲಿ, ಹೊರಗಿನ ಬೋರ್ಡಿನಲ್ಲಿ ಮೂರೂ ಕಡೆ ಆ ಶಬ್ದ ಇಟ್ಟುಕೊಂಡೇ ವಿಜಯಪುರದಲ್ಲಿ ನೋಂದಣಿ ನಂಬರ್ ತಗೊಂಡೆ.

ಮೊದಲು ಕಳಕೊಂಡ ದುಡ್ಡಿನ ಕಥೆ.

2021ರಲ್ಲಿ ಒಬ್ಬ ಏಜೆಂಟ್ ಸಿಕ್ಕ. ಬೇರೆ ರಾಜ್ಯದ ಒಂದು ಸಂಸ್ಥೆಯಿಂದ ಅಕ್ಯುಪಂಕ್ಚರ್ ಸರ್ಟಿಫಿಕೇಟ್ ಕೊಡಿಸ್ತೀನಿ, ಇಡೀ ದೇಶದಲ್ಲಿ ನಡೆಯುತ್ತೆ, ಹೊಳೆಯೋ ಹಾಲೋಗ್ರಾಮ್ ಬೇರೆ ಇರುತ್ತೆ ಅಂದ. 35 ಸಾವಿರ ಕೊಟ್ಟೆ. ಹಾಲೋಗ್ರಾಮ್ ಹೊಳೆಯಿತು, ಅಷ್ಟೇ. ನನ್ನ ಬಿಎನ್‌ವೈಎಸ್ ಡಿಗ್ರಿಯಲ್ಲೇ ಅಕ್ಯುಪಂಕ್ಚರ್ ಒಂದು ವಿಷಯವಾಗಿ ಇತ್ತು, ಅಂಕಪಟ್ಟಿಯಲ್ಲಿ ಅಚ್ಚಾಗಿತ್ತು, ವೈದ್ಯಳಾಗಿ ರಾಜ್ಯದ ಮಂಡಳಿಯಲ್ಲಿ ನೋಂದಣಿಯೂ ಇತ್ತು. ಕೈಯಲ್ಲೇ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ. ಆ ಸರ್ಟಿಫಿಕೇಟ್ ಈಗ ಬೀರುವಿನ ಅಡಿಯಲ್ಲಿದೆ. ಫೈಲಿಗೆ ಹಾಕಲಿಲ್ಲ, ಹಾಕಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತಿದ್ದವು.

ಆಮೇಲೆ ಸೊಲ್ಲಾಪುರಕ್ಕೆ ಹೋದೆ. ಬಸ್ಸಿನಲ್ಲಿ ಎರಡೂವರೆ ತಾಸು. ಅಲ್ಲಿ ನಮ್ಮ ಪರಿಚಯದ ಒಬ್ಬರು ಅಕ್ಯುಪಂಕ್ಚರ್ ಮಾಡ್ತಾರೆ. ಮಹಾರಾಷ್ಟ್ರದಲ್ಲಿ ಇದಕ್ಕೇ ಬೇರೆ ಕಾಯ್ದೆ ಇದೆ, ಕೌನ್ಸಿಲ್ ಇದೆ. ಪಶ್ಚಿಮ ಬಂಗಾಳದಲ್ಲಿ 1996ರಲ್ಲೇ ಕಾಯ್ದೆ ಬಂದಿತ್ತು. ಅವರು ತಮ್ಮ ಕಾರ್ಡು ತೋರಿಸಿದರು, ನನಗೆ ಹೊಟ್ಟೆ ಉರಿಯಿತು. ಅಲ್ಲಿ ನೋಂದಣಿ ಮಾಡಿಸಿ ಇಲ್ಲಿ ಬಂದು ಕೂತರೆ ಹೇಗೆ ಅಂತ ಕೇಳಿದೆ. ಅವರು ನಕ್ಕರು. “ನಮ್ಮ ಕಾಯ್ದೆ ಭೀಮಾ ನದಿ ದಾಟಲ್ರೀ ಮೇಡಂ” ಅಂದರು. ಅದೊಂದು ಮಾತು 35 ಸಾವಿರದ ಸರ್ಟಿಫಿಕೇಟಿಗಿಂತ ಬೆಲೆ ಬಾಳಿತು, ಪುಕ್ಕಟೆ ಬೇರೆ. ವಾಪಸ್ ಬರುವಾಗ ಕೋಟ್ನಿಸ್ ನೆನಪಾದರು. 1938ರಲ್ಲಿ ಚೀನಾಕ್ಕೆ ಹೋದ ಐದು ಜನ ಭಾರತೀಯ ವೈದ್ಯರಲ್ಲಿ ಅವರು ಸೊಲ್ಲಾಪುರದವರು. ಅದೇ ತಂಡದಲ್ಲಿದ್ದ ಬಿ.ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು, 1959ರಲ್ಲಿ ಕೋಲ್ಕತ್ತದಲ್ಲಿ ಶುರು ಮಾಡಿದರು. ನಮ್ಮ ಮಗ್ಗುಲಿನ ಊರಿನವರು ಹೋದ ತಂಡದಿಂದ ದೇಶಕ್ಕೆ ಬಂದ ವಿದ್ಯೆ ಇದು. ಅದನ್ನು ನಾವಿಲ್ಲಿ ನ್ಯಾಚುರೋಪತಿಯ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮಾಡಬೇಕಾ ಅಂತ ಅನಿಸಿತು.

ಮನೆಗೆ ಬಂದು ಕಾಯ್ದೆ ಓದಲು ಕೂತೆ. ನಮ್ಮ ಗುಂಪಿನಲ್ಲಿ ಅದರ ಬಗ್ಗೆ ಮಾತಾಡೋರು ಬಹಳ, ಓದಿದವರು ಯಾರೂ ಇಲ್ಲ. 2007ರ ಕೆಪಿಎಂಇ ಕಾಯ್ದೆಯ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಎರಡನೇ ಸೆಕ್ಷನ್ನಿನಲ್ಲಿ ‘ವೈದ್ಯಕೀಯ ಚಿಕಿತ್ಸೆ’ ಅಂದರೆ ಏನು ಅಂತ ಹೇಳೋ ಜಾಗದಲ್ಲಿ ಆಯುರ್ವೇದ, ಯುನಾನಿ, ಹೋಮಿಯೋಪತಿ, ಯೋಗ, ನ್ಯಾಚುರೋಪತಿ, ಸಿದ್ಧ ಎಲ್ಲ ಆದಮೇಲೆ ಅಕ್ಯುಪಂಕ್ಚರ್, ಅಕ್ಯುಪ್ರೆಶರ್ ಕೂಡ ಸೇರುತ್ತವೆ ಅಂತ ಸ್ಪಷ್ಟವಾಗಿ ಇದೆ. ಅಂದರೆ ಇದನ್ನು ಬಚ್ಚಿಡೋ ಮಾತೇ ಇಲ್ಲ. ಬಚ್ಚಿಟ್ಟು ಮಾಡಿದರೇ ತಪ್ಪು. ಜೊತೆಗೆ ಕೇಂದ್ರ ಆರೋಗ್ಯ ಇಲಾಖೆಯ 2003ರ ನವೆಂಬರ್ ಆದೇಶ ಇಟ್ಟುಕೊಂಡೆ. ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಇದ್ದವರು ಇದನ್ನು ಚಿಕಿತ್ಸಾ ವಿಧಾನವಾಗಿ ಮಾಡಬಹುದು ಅನ್ನೋದು ಅದರಲ್ಲಿದೆ. ಇದು ಪ್ರತ್ಯೇಕ ಪದ್ಧತಿ ಅಂತ ಒಪ್ಪಿದ 2019ರ ಫೆಬ್ರುವರಿ ಆದೇಶವನ್ನೂ ಹಿಂದೆ ಲಗತ್ತಿಸಿದೆ. ಇಷ್ಟೇ ನನ್ನ ‘ವಿಧಾನ’. ಯಾರ ಕಾಲೂ ಹಿಡಿಯಲಿಲ್ಲ. ಈ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ, ಮೊದಲ ಹಾಳೆಯಲ್ಲಿ ಏನು ಬರೆದೆ ಅನ್ನೋದು ಮಾತ್ರ ಹೇಳಲ್ಲ. ಅದಕ್ಕೆ ನನ್ನ ಎರಡು ಸೋಲು ಖರ್ಚಾಗಿದೆ.

ಎರಡು ಸೋಲೂ ನನ್ನ ತಪ್ಪಿನಿಂದಲೇ. 2022ರ ಆಗಸ್ಟ್ ಹೊತ್ತಿಗೆ ಒಂದು ರೂಮು, ಒಂದು ಪಡಸಾಲೆ ಬಾಡಿಗೆಗೆ ಹಿಡಿದೆ. ತಿಂಗಳಿಗೆ 6,500. ಮೊದಲ ಅರ್ಜಿಯಲ್ಲಿ ಗೆಳೆಯರ ಮಾತು ಅರ್ಧ ಕೇಳಿ ಹೆಸರು ‘ನ್ಯಾಚುರೋಪತಿ ಕ್ಲಿನಿಕ್’ ಅಂತ ಹಾಕಿದೆ. ಬೋರ್ಡಿನ ಫೋಟೋದಲ್ಲಿ ‘ಅಕ್ಯುಪಂಕ್ಚರ್ ಕೇಂದ್ರ’ ಇತ್ತು. ಎರಡೂ ತಾಳೆ ಆಗದೆ ಅರ್ಜಿ ವಾಪಸ್ ಬಂತು. ಅದೇ ಬೋರ್ಡಿನ ಕೆಳಗೆ ಸಕ್ಕರೆ ಕಾಯಿಲೆ, ಬಿಪಿ, ಲಕ್ವ ಅಂತ ಉದ್ದಕ್ಕೆ ಬರೆಸಿದ್ದೆ. ಸುಮ್ನೆ, ಎಲ್ಲರೂ ಬರೆಸ್ತಾರೆ ಅಂತ. ಇಂಥ ರೋಗ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದನ್ನು ತಡೆಯೋಕೆ 1954ರಿಂದಲೇ ಕಾಯ್ದೆ ಇದೆ, ಅದರ ಪಟ್ಟಿಯಲ್ಲಿ ಈ ಮೂರೂ ಇವೆ. ನಮ್ಮವರು ಅರ್ಧ ಜನ ಸಿಕ್ಕಿಬೀಳೋದು ಸೂಜಿಯಿಂದ ಅಲ್ಲ, ಬೋರ್ಡಿನಿಂದ. ಫ್ಲೆಕ್ಸ್ ಹರಿದು ಹಾಕಿ ಹೊಸದು ಮಾಡಿಸಿದೆ. ಈಗ ಮೊಣಕಾಲು, ಸೊಂಟ, ಕುತ್ತಿಗೆ, ಭುಜ ನೋವು ಅಂತಷ್ಟೇ ಇದೆ. ಬರೋ ಜನಕ್ಕೂ ಅಷ್ಟೇ ಬೇಕು.

ಎರಡನೇ ಸಲ ಹೆಸರು ಸರಿ ಇತ್ತು. ಆದರೆ ಬಳಸಿದ ಸೂಜಿಯಂಥ ವೈದ್ಯಕೀಯ ತ್ಯಾಜ್ಯ ಒಯ್ಯೋರ ಜೊತೆಗಿನ ಒಪ್ಪಂದದಲ್ಲಿ ಒಂದು ಮನೆ ನಂಬರ್, ಬಾಡಿಗೆ ಕರಾರಿನಲ್ಲಿ ಇನ್ನೊಂದು. ಕರೆಂಟ್ ಬಿಲ್ ತೀರಿಹೋದ ಮನೆ ಮಾಲೀಕರ ತಂದೆಯ ಹೆಸರಿನಲ್ಲಿ. ಮತ್ತೆ ವಾಪಸ್. ನೋಂದಣಿ ಇಲ್ಲದೆ ರೋಗಿ ನೋಡಬಾರದು ಅಂತ ಬಾಗಿಲು ಹಾಕಿಯೇ ಇಟ್ಟಿದ್ದೆ. 14 ತಿಂಗಳ ಬಾಡಿಗೆ ಹೀಗೆ ಹೋಯಿತು, 90 ಸಾವಿರದ ಮೇಲೆ. ನಮ್ಮ ಅತ್ತೆಯವರು ದಿನಾ ಸಂಜೆ “ಕೀಲಿ ಹಾಕಿದ ಮನೀಗಿ ಬಾಡಿಗಿ ಕೊಡೂ ಡಾಕ್ಟರ್ ನೀ ಒಬ್ಬಾಕೀನ ನೋಡವ್ವಾ” ಅನ್ನೋರು.

ಆ ಹೊತ್ತಿನಲ್ಲಿ ಬೆಳಗ್ಗೆ ಬೇರೆಯವರ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿದ್ದೆ. ಅಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಒಬ್ಬ ಹಿರಿಯರು ಬರೋರು. ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸೋ ಕೆಲಸ) ಹೊತ್ತಿನಲ್ಲಿ ದಿನವಿಡೀ ಕೈ ಮೇಲೆತ್ತಿ ಕತ್ತರಿ ಆಡಿಸಿ ಅವರ ಬಲ ಭುಜ ಹಿಡಿದುಹೋಗಿತ್ತು. ಭುಜಕ್ಕೆ ಸೂಜಿ ಹಾಕಿದೆ, ಕಾಲಲ್ಲಿ ಎಸ್‌ಟಿ 38 ಅನ್ನೋ ಅಕ್ಯುಪಂಕ್ಚರ್ ಬಿಂದುವಿಗೆ ಹಾಕಿ ಕೈ ಎತ್ತಿಸಿದೆ, ನಿದ್ದೆ ಬರಲ್ಲ ಅಂದರು ಅಂತ ನೆತ್ತಿಗೆ ಒಂದು ಹಾಕಿದೆ. ತೆಗೆಯುವಾಗ ನೆತ್ತಿಯದು ಮರೆತೆ. ಅವರು ಗಾಂಧಿ ಟೊಪ್ಪಿಗೆ ಹಾಕಿಕೊಂಡು ಬಸ್ಸು ಹತ್ತಿ ಹೋದರು. ಮಧ್ಯಾಹ್ನ ಫೋನ್ ಬಂತು. “ಬಾಯಾರ, ಟೊಪ್ಪಗಿ ತಗದ್ರ ಕೈಗೆ ಚುಚ್ಚಿತ್ರಿ. ನಿಮ್ಮ ಸೂಜಿ ಒಂದು ನನ್ನ ತಲಿಯಾಗ ಉಳದೈತಿ. ಕೊರಿಯರ್ ಮಾಡ್ಲ್ಯಾ?” ಅಂದರು. ಅವರು ನಕ್ಕರು. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಸೂಜಿ ಲೆಕ್ಕ ಶುರು. 60 ರೂಪಾಯಿಯ ಉದ್ದ ನೋಟ್‌ಬುಕ್. ಒಳಗೆ ಎಷ್ಟು, ಹೊರಗೆ ಎಷ್ಟು, ಡಬ್ಬಿಗೆ ಎಷ್ಟು, ಪ್ರತಿ ಸಾಲಿಗೆ ಸಹಿ. ಮೊದಮೊದಲು ಥರ್ಮಾಕೋಲಿನಲ್ಲಿ ಚುಚ್ಚಿ ಎಣಿಸ್ತಿದ್ದೆ, ಅದು ಪುಡಿ ಉದುರಿಸೋದು. ಆಮೇಲೆ ಬಡಿಗರ ಹತ್ತಿರ ಬೇವಿನ ಕಟ್ಟಿಗೆಯಲ್ಲಿ 20 ತೂತಿನ ಹಲಗೆ ಮಾಡಿಸಿದೆ. ಅದನ್ನು ಕ್ಲೀನ್ ಮಾಡೋಕೆ ಆಗಲ್ಲ ಅಂತ ಆಮೇಲೆ ಹೊಳೆಯಿತು. ಈಗ ಸ್ಟೀಲಿನ ಟ್ರೇ ಬಳಸ್ತೀನಿ. ಅದರಲ್ಲಿ ಒಂದು ಸೂಜಿ ಕಮ್ಮಿ ಬಿದ್ದರೂ ನೋಡದೆ ಗೊತ್ತಾಗೋ ಹಾಗೆ ಒಂದು ಏರ್ಪಾಟು ಮಾಡಿಕೊಂಡಿದ್ದೀನಿ. ಅದು ಏನು ಅಂತ ಕ್ಲಿನಿಕ್ಕಿಗೆ ಬಂದವರಿಗೆ ಮಾತ್ರ ತೋರಿಸ್ತೀನಿ.

ಆ ನೋಟ್‌ಬುಕ್ಕೇ ನನ್ನ ಕೈ ಹಿಡಿಯಿತು. ಮೂರನೇ ಅರ್ಜಿ ಹಾಕಿದ ಮೇಲೆ ತಪಾಸಣೆಗೆ ಬಂದವರಿಗೆ ಡಿಗ್ರಿ ಬಗ್ಗೆ ಹೆಚ್ಚು ಪ್ರಶ್ನೆ ಇರಲಿಲ್ಲ. ಕೇಳಿದ್ದೆಲ್ಲ ಸೂಜಿ ಬಗ್ಗೆ. ಮತ್ತೆ ಬಳಸ್ತೀರಾ? ಎಲ್ಲಿ ಬಿಸಾಡ್ತೀರಿ? ಮೂರ್ಛೆ ಹೋದರೆ ಏನು ಮಾಡ್ತೀರಿ? ನಾನು ಬಿಳಿ ಡಬ್ಬಿ ತೋರಿಸಿದೆ. 2016ರ ತ್ಯಾಜ್ಯ ನಿಯಮದಲ್ಲಿ ಚೂಪಾದ ವಸ್ತುಗಳಿಗೆ ಅದೇ ಬಣ್ಣ, ಚುಚ್ಚಿದರೆ ತೂತು ಬೀಳಬಾರದು. ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಮಾಲಿನ್ಯ ಮಂಡಳಿಯ ಅನುಮತಿ ಒಂದೇ ಸಲ ತಗೊಂಡರೆ ಸಾಕು. ಇದು ಗೊತ್ತಿಲ್ಲದೆ ವರ್ಷಾ ವರ್ಷಾ ಯಾರಿಗೋ ದುಡ್ಡು ಕೊಡೋರು ನಮ್ಮಲ್ಲೇ ಇದ್ದಾರೆ. ಕ್ಲಿನಿಕ್ ಇನ್ನೂ ಶುರುವಾಗಿರಲಿಲ್ಲವಲ್ಲ, ಹಾಗಾಗಿ ಆಸ್ಪತ್ರೆಯಲ್ಲಿ ಬರೆದಿಟ್ಟ ನನ್ನ ನೋಟ್‌ಬುಕ್ಕನ್ನೇ ರೋಗಿಗಳ ಹೆಸರು ಮುಚ್ಚಿ ತೋರಿಸಿದೆ. ಆಮೇಲೆ ಸೀರೆ ಮಡಿಚಿ ನನ್ನ ಕಾಲಿಗೇ ಎಸ್‌ಟಿ 36ಕ್ಕೆ ಒಂದು ಸೂಜಿ ಹಾಕಿಕೊಂಡೆ. ತೆಗೆದು, ಎಣಿಸಿ, ಡಬ್ಬಿಗೆ ಹಾಕಿ, ಸಹಿ ಮಾಡಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬಂದವರಲ್ಲಿ ಒಬ್ಬರು “ನೋವಾಗಲ್ವಾ?” ಅಂತ ಕೇಳಿದರು. ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು, ಆಯಿತು ಅಂತ. 2023ರ ದಸರಾ ಹೊತ್ತಿಗೆ ನಂಬರ್ ಬಂತು. ಐದು ವರ್ಷಕ್ಕೆ.

ಖರ್ಚು ನೆನಪಿದ್ದಷ್ಟು ಹೇಳ್ತೀನಿ. ಏಜೆಂಟಿಗೆ 35, ಖಾಲಿ ಬಾಡಿಗೆ 90 ಚಿಲ್ಲರೆ, ಎರಡು ಮಂಚ ಸೇರಿ ಸಾಮಾನು 12, ತ್ಯಾಜ್ಯದ್ದು ಎಲ್ಲ ಸೇರಿ 8, ಬೋರ್ಡುಗಳಿಗೆ 10-12, ಜೆರಾಕ್ಸ್, ಓಡಾಟ, ಚಹಾ ಅಂತ ಇನ್ನೊಂದು 10 ಸಾವಿರ. ಮುಂಗಡದ ದುಡ್ಡು ಬೇರೆ. ಲೆಕ್ಕ ಹಾಕಿ ನೋಡಿ, ಮುಕ್ಕಾಲು ಪಾಲು ನನ್ನ ದಡ್ಡತನಕ್ಕೆ ಕಟ್ಟಿದ ದಂಡ. ಮೊದಲ ದಿನವೇ ಶಬ್ದ ನೇರವಾಗಿ ಬರೆದು, ಎಲ್ಲ ಕಾಗದದಲ್ಲೂ ಒಂದೇ ವಿಳಾಸ ಹಾಕಿದ್ದರೆ 40 ಸಾವಿರದಲ್ಲಿ ಮುಗೀತಿತ್ತು.

ಬಾಗಿಲು ಮುಚ್ಚಿದ್ದ ಆ ತಿಂಗಳುಗಳಲ್ಲಿ ಸುಮ್ನೆ ಕೂರಲಾಗದೆ ಮಾಕ್ಸಾ ಪ್ರಯೋಗ ಮಾಡಿದೆ. ಮಾಚಿಪತ್ರೆ ಜಾತಿಯ ಗಿಡದ ಒಣ ಎಲೆಯ ಕಡ್ಡಿ ಹಚ್ಚಿ ಬಿಂದುಗಳಿಗೆ ಶಾಖ ಕೊಡೋದು ಅದು. ಹೊರಗಿಂದ ತರಿಸೋ ಮಾಕ್ಸಾ ಕಡ್ಡಿ ದುಬಾರಿ. ನಮ್ಮ ದವನ ಕೂಡ ಅದೇ ಜಾತಿಯ ಗಿಡ ಅಲ್ವಾ ಅಂತ ಮಾರ್ಕೆಟಿನಿಂದ ಒಂದು ಚೀಲ ತಂದು, ಒಣಗಿಸಿ, ಕಲ್ಲಿನಲ್ಲಿ ಕುಟ್ಟಿ, ತೆಳು ಕಾಗದದಲ್ಲಿ ಸುತ್ತಿದೆ. ಹಚ್ಚಿದರೆ ರೂಮೆಲ್ಲ ದೇವರ ಜಾತ್ರೆಯ ಪರಿಮಳ. ಆದರೆ ಎಣ್ಣೆ ಜಾಸ್ತಿ, ನೂಲು ಬರಲಿಲ್ಲ. ಭರಭರ ಉರಿದು ಕಿಡಿ ಉದುರಿ ನನ್ನ ಹೊಸ ಮಂಚದ ರೆಕ್ಸಿನ್ ಸುಟ್ಟಿತು. ಆಮೇಲೆ ಮಾಚಿಪತ್ರೆ ಕುಂಡದಲ್ಲಿ ಬೆಳೆಸಿದೆ. ಅದರ ಎಲೆ ಕುಟ್ಟಿದರೆ ಹತ್ತಿಯ ಹಾಗೆ ನೂಲು ಬರುತ್ತೆ, ನಿಧಾನ ಉರಿಯುತ್ತೆ, ಶಾಖ ಚೆನ್ನಾಗಿದೆ. ನಾಲ್ಕು ಕಡ್ಡಿ ಆಯಿತು. ಐದನೆಯದಕ್ಕೆ ಎಲೆ ಕೀಳೋ ಮೊದಲೇ ವಿಜಯಪುರದ ಏಪ್ರಿಲ್ ಬಿಸಿಲು ಗಿಡವನ್ನು ಮುಗಿಸಿತು. ಬೆಳಗಾವಿ ಕಡೆಯವರು ಯಾರಾದರೂ ಪ್ರಯತ್ನ ಮಾಡಿ, ನಿಮ್ಮಲ್ಲಿ ಬದುಕಬಹುದು.

ಈಗ ದಿನಕ್ಕೆ 12-15 ಜನ ಬರ್ತಾರೆ, ಚಾಟ್ನಿ ಹೊತ್ತಿನಲ್ಲಿ 20 ದಾಟುತ್ತೆ. ಒಂದು ಸಲಕ್ಕೆ 250. ಹೊಸಬರು ಈಗಲೂ ಕೇಳೋದು ಒಂದೇ: “ಸೂಜ್ಯಾಗ ಔಷಧಾನ ಇಲ್ಲಲ್ರಿ, ಖಾಲಿ ಸೂಜಿಗೆ ಇಷ್ಟ್ಯಾಕ ರೊಕ್ಕ?” ಇದಕ್ಕೆ ಉತ್ತರ ನನಗಿನ್ನೂ ಸಿಕ್ಕಿಲ್ಲ. ಎರಡು ಸಲ ಆದಮೇಲೆ ಅವರೇ ಕೇಳೋದು ಬಿಡ್ತಾರೆ.

2024ರಲ್ಲಿ ಬೋರ್ಡಿನ ಬಣ್ಣದ ಆದೇಶ ಬಂತು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು, ನೋಂದಣಿ ನಂಬರ್ ಮೇಲೆ ಕಾಣಬೇಕು ಅಂತ. ನಾನು ಹಸಿರಿಗೇ ಹೋದೆ. ಫ್ಲೆಕ್ಸ್ ಅಂಗಡಿಗೆ ನಾಲ್ಕನೇ ಸಲ ಹೋದಾಗ ಅಲ್ಲಿಯ ಹುಡುಗ ಅಳತೆ ಕೇಳಲೇ ಇಲ್ಲ. “ಆರು ಬೈ ಮೂರಲ್ರಿ ಬಾಯಾರ? ಫೈಲ್ ಸೇವ್ ಮಾಡಿ ಇಟ್ಟೀನ್ರಿ” ಅಂದ.